ಆಗುಂಬೆ ಹತ್ತಿ ಮಾಳ ಇಳಿಯುವ ದಾರಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಕರಾವಳಿಯ ಸೈಕಲ್ ಸವಾರರ ಕಣ್ಣು ಘಟ್ಟದ ಕಡೆ ಹೊರಳುತ್ತದೆ. ಗೇರಿನ ಸೈಕಲ್ ಕೊಂಡು ಒಂದೆರಡು ವರ್ಷ ಪಳಗಿದವರು ಕೇಳುವುದು ಒಂದೇ ಪ್ರಶ್ನೆ: ಆಗುಂಬೆ ಹತ್ತಲು ನನ್ನಿಂದ ಆಗುತ್ತದೆಯೇ? ಹತ್ತಿದ ಮೇಲೆ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಎಂದು ನಾನು ಮರಳಿ ಕೇಳುತ್ತೇನೆ. ಹೆಚ್ಚಿನವರ ಬಳಿ ಅದಕ್ಕೆ ಉತ್ತರ ಇರುವುದಿಲ್ಲ.

ಇಂದು ನಾನು ಹೇಳಹೊರಟಿರುವುದು ಎರಡು ಘಾಟಿಗಳ ಒಂದು ಸುತ್ತಿನ ಬಗ್ಗೆ. ಕಾರ್ಕಳದಿಂದ ಹೊರಟು ಅಜೆಕಾರು, ಮುನಿಯಾಲು, ಹೆಬ್ರಿ ದಾಟಿ ಸೋಮೇಶ್ವರ. ಅಲ್ಲಿಂದ ಆಗುಂಬೆ ಘಾಟಿ ಏರಿ ಶೃಂಗೇರಿ. ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಸೌತ್ ಕೆನರಾ, ಅಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ), ಮಾಳ ಘಾಟಿ ಇಳಿದು ಬಜಗೋಳಿ, ಮತ್ತೆ ಕಾರ್ಕಳ. ಒಟ್ಟು 150 ಕಿಲೋಮೀಟರಿನ ಆಸುಪಾಸು. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ದಿನವಿಡೀ ಬೇಕು.

ಮೊದಲು ದಿಕ್ಕು ನಿಶ್ಚಯಿಸಿ. ಇದೇ ಸುತ್ತನ್ನು ಮಾಳದ ಕಡೆಯಿಂದ ಹತ್ತಿ ಆಗುಂಬೆಯಲ್ಲಿ ಇಳಿಯುವ ಹಾಗೆಯೂ ಮಾಡಬಹುದು. ನಾನು ಅದನ್ನು ಒಪ್ಪುವುದಿಲ್ಲ. ಆಗುಂಬೆ ಘಾಟಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಬಹಳ ಹೊತ್ತು ಸೂರ್ಯ ಬೆಟ್ಟದ ಬೆನ್ನ ಹಿಂದೆಯೇ ಇರುತ್ತಾನೆ. ಏರುವವನಿಗೆ ಆ ನೆರಳಿನ ಬೆಲೆ ಗೊತ್ತು. ಸಂಜೆ ಅದೇ ಘಾಟಿಯ ಕತೆಯೇ ಬೇರೆ. ಸೂರ್ಯಾಸ್ತ ನೋಡಲು ಬಂದ ಕಾರುಗಳು ಕಿರಿದಾದ ತಿರುವುಗಳಲ್ಲಿ ಹಿಂದೆ ಮುಂದೆ ಆಡುತ್ತಿರುತ್ತವೆ. ಅವುಗಳ ನಡುವೆ ಸೈಕಲ್ ಇಳಿಸುವುದು ನನ್ನ ಮಟ್ಟಿಗೆ ಸಾಹಸವಲ್ಲ, ಹುಂಬತನ.

ಇನ್ನು ಆಗುಂಬೆಯ 14 ತಿರುವುಗಳು. ಇವುಗಳ ಭಯ ಎಲ್ಲರಿಗೂ ಇದೆ. ಲೆಕ್ಕ ಹಾಕಿ ನೋಡೋಣ. ಕೆಳಗಿನಿಂದ ಮೇಲಕ್ಕೆ ಏರಬೇಕಾದ ಎತ್ತರ ಹೆಚ್ಚುಕಡಿಮೆ 550 ಮೀಟರ್. ಆಲ್ಪ್ಸ್ ಪರ್ವತದ ಪ್ರಸಿದ್ಧ ಆಲ್ಪ್ ದ್ಯುಯೆಜ್ ಏರಿಗೆ 21 ತಿರುವು, 13.8 ಕಿಲೋಮೀಟರ್, ಎತ್ತರದಲ್ಲಿ ಅದು ಎರಡು ಆಗುಂಬೆಗೆ ಸಮ. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ತೂಕ ಎಂದುಕೊಳ್ಳಿ. ಇದನ್ನು ಒಂದು ಗಂಟೆಯಲ್ಲಿ ಮೇಲಕ್ಕೆ ಒಯ್ಯಲು ಸುಮಾರು 125 ವಾಟ್ ಸಾಕು. ರಸ್ತೆಯ ಘರ್ಷಣೆಗೆ ಇನ್ನಷ್ಟು ಸೇರಿಸಿ. ನಿಯಮಿತವಾಗಿ ಪೆಡಲ್ ತುಳಿಯುವವರಿಗೆ ಇದು ಅಸಾಧ್ಯವಲ್ಲ. ಗೇರು ಮಾತ್ರ ಸರಿಯಿರಬೇಕು. ಮುಂದೆ ಪೆಡಲಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎರಡು ಮೀಟರಿಗಿಂತ ತುಸು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 28 ಹಲ್ಲು ಮಾತ್ರ ಇರುವವರು ಸವಾರಿಗೆ ಮೊದಲು ಅಂಗಡಿಗೆ ಹೋಗಿ ಅದನ್ನು ಬದಲಿಸಿಕೊಳ್ಳಲಿ, ಮೊಣಕಾಲು ಉಳಿಯುತ್ತದೆ.

ನಂದಿಬೆಟ್ಟದಲ್ಲಿ ಅಭ್ಯಾಸ ಮಾಡಿ ಬೆಂಗಳೂರಿನಿಂದ ಬರುವವರಿಗೂ ಒಂದು ಮಾತು. ಅಲ್ಲಿನ ಒಣ ತಂಗಾಳಿಯಲ್ಲಿ ಬೆವರು ಆರಿ ಮೈ ತಣಿಯುತ್ತದೆ. ಹೆಬ್ರಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಸೋಮೇಶ್ವರಕ್ಕೆ ಬರುವಷ್ಟರಲ್ಲೇ ಎರಡು ಬಾಟಲಿ ಖಾಲಿಯಾಗಿರುತ್ತದೆ. ಅಲ್ಲಿ ತುಂಬಿಸಿಕೊಳ್ಳದೆ ಘಾಟಿಗೆ ಚಕ್ರ ಇಡಬೇಡಿ. ನಿಂಬೆರಸ, ಬೆಲ್ಲ, ಚಿಟಿಕೆ ಉಪ್ಪು ಕದಡಿದ ನೀರು ದುಬಾರಿ ಪುಡಿಗಳಿಗಿಂತ ಕಡಿಮೆಯೇನಲ್ಲ. ಗಂಟೆಗೆ ಎರಡು ಬಾಳೆಹಣ್ಣು, ಹಸಿವಾಗುವ ಮೊದಲೇ.

ನಿಜವಾದ ಪರೀಕ್ಷೆ ಶುರುವಾಗುವುದು ಆಗುಂಬೆ ಪೇಟೆ ದಾಟಿದ ಮೇಲೆ. ಘಟ್ಟ ಹತ್ತಿಯಾಯಿತು, ಇನ್ನು ಹಗುರ ಎಂದು ಮನಸ್ಸು ಹೇಳುತ್ತದೆ. ಮಲೆನಾಡಿನಲ್ಲಿ ಸಮತಟ್ಟು ಎಂಬುದಿಲ್ಲ. ಆಗುಂಬೆ ಮತ್ತು ಶೃಂಗೇರಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ಆದರೆ ನಡುವಿನ ರಸ್ತೆ ಹಳ್ಳಕ್ಕೆ ಇಳಿದು ದಿಬ್ಬಕ್ಕೆ ಏರುತ್ತಲೇ ಇರುತ್ತದೆ. ಯಾವ ಏರಿಗೂ ಹೆಸರಿಲ್ಲ, ಯಾವುದಕ್ಕೂ ತಿರುವಿನ ಸಂಖ್ಯೆ ಬರೆದ ಫಲಕವಿಲ್ಲ. ಕಾಲು ಸೋಲುವುದು ಇಲ್ಲಿ. ಆದ್ದರಿಂದ ಘಾಟಿಯಲ್ಲಿ ಜೊತೆಗಾರರೊಂದಿಗೆ ಪಂದ್ಯಕ್ಕೆ ಬೀಳದೆ, ಮಾತನಾಡಬಲ್ಲಷ್ಟು ಉಸಿರು ಉಳಿಸಿಕೊಂಡು ಹತ್ತಬೇಕು.

ಶೃಂಗೇರಿಯಲ್ಲಿ ಊಟ ಮಾಡಿ, ಹೊಟ್ಟೆ ಬಿರಿಯುವಷ್ಟು ಬೇಡ. ಅಲ್ಲಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅಂಗಡಿಗಳು ವಿರಳ, ಮೊಬೈಲ್ ಸಂಪರ್ಕ ಅನೇಕ ಕಡೆ ಇಲ್ಲ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ಗಳಿವೆ. ಸೈಕಲ್‌ಗಳನ್ನು ಬಿಡುವ ವಿಷಯ, ಘಾಟಿ ರಸ್ತೆಯ ದುರಸ್ತಿ, ಸಂಚಾರ ನಿರ್ಬಂಧ, ಎಲ್ಲವನ್ನೂ ವಾರ ಮೊದಲೇ ವಿಚಾರಿಸಿಕೊಳ್ಳಿ. ಎರಡು ಟ್ಯೂಬ್, ಪಂಪು, ಚೈನಿನ ಕೊಂಡಿ ಜೊತೆಗಿರಲಿ. ಒಬ್ಬರೇ ಹೋಗಬೇಡಿ.

ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ. ನನ್ನ ಲೆಕ್ಕ ಹೀಗೆ: ಮಧ್ಯಾಹ್ನ ಮೂರಕ್ಕೆ ಎಸ್.ಕೆ. ಬಾರ್ಡರ್‌ನಲ್ಲಿ ಇರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಶೃಂಗೇರಿಯನ್ನು ಹನ್ನೆರಡಕ್ಕೆ ಬಿಡಬೇಕು, ಆಗುಂಬೆಯನ್ನು ಒಂಬತ್ತೂವರೆಗೆ, ಕಾರ್ಕಳವನ್ನು ಬೆಳಗಿನ ಐದೂವರೆಗೆ. ಹನ್ನೆರಡೂವರೆಗೂ ಶೃಂಗೇರಿ ತಲುಪದಿದ್ದರೆ ಅಂದಿನ ಸುತ್ತು ಅಲ್ಲಿಗೆ ಮುಗಿಯಿತು. ಕೋಣೆ ಹಿಡಿದು ಉಳಿಯಿರಿ, ತುಂಗೆಯ ಮೀನು ನೋಡಿ, ಮರುದಿನ ಇಳಿಯಿರಿ.

ಮಾಳ ಘಾಟಿಯಲ್ಲಿ ಕಾಲಿಗೆ ಕೆಲಸವಿಲ್ಲ, ಕೈಗಿದೆ. ಬೆಳಗ್ಗೆ ಬೆವರು ಸುರಿಸಿ ಮೇಲಕ್ಕೆ ಒಯ್ದ ಶಕ್ತಿಯ ದೊಡ್ಡ ಪಾಲು ಈಗ ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕು. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಮರಗಳ ನಡುವೆ ಬಿಸಿಲೂ ನೆರಳೂ ಪಟ್ಟೆಪಟ್ಟೆಯಾಗಿ ಬೀಳುವ ಕಡೆ ಗುಂಡಿ ಕಾಣಿಸುವುದಿಲ್ಲ; ಕಪ್ಪು ಕನ್ನಡಕ ತೆಗೆದಿಡಿ. ಬ್ರೇಕ್ ಪ್ಯಾಡ್ ಸವೆದಿದ್ದರೆ ಹೊರಡುವ ಹಿಂದಿನ ವಾರವೇ ಬದಲಿಸಿ, ಹಿಂದಿನ ರಾತ್ರಿ ಅಲ್ಲ. ಹೊಸ ಪ್ಯಾಡ್ ಕಚ್ಚಲು ಒಂದೆರಡು ಸವಾರಿ ಬೇಕು.

ಬಜಗೋಳಿಗೆ ಬಂದರೂ ಇನ್ನೂ ಸ್ವಲ್ಪ ದೂರ ಉಳಿದಿರುತ್ತದೆ, ಅದೂ ಏರಿಳಿತದ್ದೇ. ಅಲ್ಲಿ ಚಹಾ ಕುಡಿಯಿರಿ, ಹಿಂದಿನ ಕೆಂಪು ದೀಪ ಹಚ್ಚಿಕೊಳ್ಳಿ, ಮನೆಗೊಂದು ಫೋನ್ ಮಾಡಿ ಹೊರಡಿ. ನಮಸ್ಕಾರ.