ಸರಕು ಗಾಡಿಯನ್ನು ಹಿಂದಿನಿಂದ ನೋಡಿ
(ಕೋಲಾರದಲ್ಲಿ ಆಟೋಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದ ಗೆಳೆಯರು ಅಮೆರಿಕದ ಪಿಕಪ್‌ಗಳ ಫೋಟೋ ತೋರಿಸಿದರು. ಫೋರ್ಡ್ ಎಫ್-150 ಪರದೆ ಮೇಲೆ ಬಂದಾಗ ಹಿಂದಿನ ಸಾಲಿನಿಂದ ಒಳ್ಳೆ ಶಿಳ್ಳೆ ಬಿತ್ತು. ಆಮೇಲೆ ಅವರು ಒಂದು ಮಾತು ಹೇಳಿದರು: ಅಮೆರಿಕದವರಿಗೆ ದೊಡ್ಡ ಗಾಡಿ ಇಷ್ಟ, ಜಪಾನಿನವರಿಗೆ ಚಿಕ್ಕದು ಇಷ್ಟ, ಅದು ಆಯಾ ಜನರ ಸ್ವಭಾವ ಅಂತ. ಇದನ್ನು ನಾನು ಒಪ್ಪುವುದಿಲ್ಲ. ನಾನು ಬರೆದುಕೊಂಡು ಬಂದ ಉಪನ್ಯಾಸ ಬೇರೆ ಇತ್ತು. ಈಗ ಇದಕ್ಕೇ ಉತ್ತರ ಹೇಳುತ್ತೇನೆ.

ಒಂದು ಕೋಳಿ ಜಗಳದ ಕಥೆ ಇದೆ. ನನಗೆ ತುಂಬಾ ಪ್ರಿಯವಾದದ್ದು, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕೋಳಿ ಸಾಕಣೆ ಕಾರ್ಖಾನೆ ಥರ ಬೆಳೆಯಿತು. ಕೋಳಿ ಅಗ್ಗವಾಯಿತು. ಹಡಗು ತುಂಬ ಯುರೋಪಿಗೂ ಹೋಯಿತು. ಅಲ್ಲಿನ ರೈತರು ಕಂಗಾಲಾದರು. 1962ರಲ್ಲಿ ಪಶ್ಚಿಮ ಜರ್ಮನಿ, ಫ್ರಾನ್ಸ್ ಮತ್ತು ಅವರ ಜೊತೆಗಿದ್ದ ದೇಶಗಳು ಅಮೆರಿಕದ ಕೋಳಿಗೆ ಸುಂಕ ಏರಿಸಿದವು. ಮಾತುಕತೆ ನಡೆದರೂ ಫಲ ಸಿಗಲಿಲ್ಲ. 1963ರ ಡಿಸೆಂಬರ್‌ನಲ್ಲಿ ಲಿಂಡನ್ ಜಾನ್ಸನ್ ತಿರುಗೇಟು ಕೊಟ್ಟರು. ಅವರು ಅಧ್ಯಕ್ಷರಾಗಿ ಇನ್ನೂ ಎರಡು ವಾರವೂ ಆಗಿರಲಿಲ್ಲ. ಆಲೂಗಡ್ಡೆ ಪಿಷ್ಟ, ಪಿಷ್ಟದಿಂದ ಮಾಡುವ ಡೆಕ್ಸ್ಟ್ರಿನ್ ಎಂಬ ಅಂಟು, ಬ್ರಾಂಡಿ, ಜೊತೆಗೆ ಹೊರಗಿನಿಂದ ಬರುವ ಲಘು ಟ್ರಕ್ಕು, ಅಂದರೆ ಪಿಕಪ್, ಸರಕಿನ ವ್ಯಾನ್ ಥರದ್ದು. ಇವಕ್ಕೆ ಹೊಸ ಸುಂಕ. ಟ್ರಕ್ಕಿಗೆ 25 ಪರ್ಸೆಂಟ್. ಕಣ್ಣಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿನ ಮೇಲೆ.

ಪಿಷ್ಟ, ಬ್ರಾಂಡಿ ಸುಂಕ ಕಾಲಕ್ರಮೇಣ ಹೋಯಿತು. ಕೋಳಿ ಜಗಳವನ್ನು ಜನ ಮರೆತರು. ಟ್ರಕ್ಕಿನ ಸುಂಕ ಉಳಿದುಕೊಂಡಿತು. ಅದನ್ನು ಇವತ್ತಿಗೂ 'ಚಿಕನ್ ಟ್ಯಾಕ್ಸ್' ಅಂತಲೇ ಕರೆಯುತ್ತಾರೆ.

ಇದನ್ನು ದಾಟಲು ಕಂಪನಿಗಳು ಏನೇನು ಮಾಡಿದವು ಕೇಳಿ. ಸುಬಾರು ಕಂಪನಿ 1978ರಲ್ಲಿ ಬ್ರಾಟ್ ಎಂಬ ಪಿಕಪ್ ತಂದಿತು. ಹಿಂದಿನ ತೊಟ್ಟಿಯಲ್ಲಿ, ಬಯಲಲ್ಲಿ, ಎರಡು ಪ್ಲಾಸ್ಟಿಕ್ ಸೀಟು ಕೂರಿಸಿತು. ಸೀಟು ಇದ್ದರೆ ಅದು ಪ್ರಯಾಣಿಕರ ಗಾಡಿ, ಸುಂಕ ಕಡಿಮೆ! ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ತಮ್ಮ ತೋಟಕ್ಕೆ ಅಂಥದ್ದೊಂದನ್ನು ಇಟ್ಟುಕೊಂಡಿದ್ದರು. ಆಮೇಲೆ ಫೋರ್ಡ್. ಅಮೆರಿಕದ್ದೇ ಕಂಪನಿ. ಟರ್ಕಿಯಲ್ಲಿ ಮಾಡಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನಿಗೆ ಹಿಂದೆ ಸೀಟು, ಕಿಟಕಿ ಹಾಕಿ ಹಡಗಿಗೆ ಏರಿಸಿತು. ಬಾಲ್ಟಿಮೋರ್ ಬಂದರಿನಲ್ಲಿ 2.5 ಪರ್ಸೆಂಟ್ ಸುಂಕ ಕಟ್ಟಿತು. ಕಸ್ಟಮ್ಸ್ ದಾಟಿದ ಕೂಡಲೇ ಸೀಟು ಕಿತ್ತು, ಸರಕಿನ ವ್ಯಾನ್ ಮಾಡಿ ಮಾರಿತು. ಹೊಸ ಸೀಟು, ಯಾರೂ ಕೂತಿರದ ಸೀಟು, ನೇರ ಗುಜರಿಗೆ. ಕೋರ್ಟಿನಲ್ಲಿ 2019ರಲ್ಲಿ ಫೋರ್ಡ್ ಸೋತಿತು. 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು.

ಈಗ ಹೇಳಿ, ಅರವತ್ತು ವರ್ಷ ಹೊರಗಿನ ಚಿಕ್ಕ ಪಿಕಪ್‌ಗೆ ಇಂಥ ಗೋಡೆ ಕಟ್ಟಿ, ಮೈಲೇಜ್ ನಿಯಮದಲ್ಲೂ ಟ್ರಕ್ಕುಗಳಿಗೆ ಸಡಿಲ ಕೊಟ್ಟರೆ, ಅಂಗಡಿಯಲ್ಲಿ ಏನು ಉಳಿಯುತ್ತದೆ? ದೊಡ್ಡದೇ ಉಳಿಯುತ್ತದೆ. ಜನ ಇದ್ದದ್ದನ್ನು ಕೊಂಡರು. ಆಮೇಲೆ ನಾವು ಅದಕ್ಕೆ ಸ್ವಭಾವ ಅಂತ ಹೆಸರಿಟ್ಟೆವು.

ಅಮೆರಿಕದವರ ನಿಜವಾದ ಇಷ್ಟ ಗೊತ್ತಾಗಬೇಕಾದರೆ ಜಪಾನಿನ ಕೇ ಟ್ರಕ್ ಎಂಬ ಪುಟ್ಟ ಸರಕು ಗಾಡಿ ನೋಡಿ. ಎಂಜಿನ್ 660 ಸಿಸಿ ಮೀರುವಂತಿಲ್ಲ, ಉದ್ದ 3.4 ಮೀಟರ್, ಅಗಲ 1.48 ಮೀಟರ್ ಮೀರುವಂತಿಲ್ಲ. ಅಷ್ಟರೊಳಗಿದ್ದರೆ ತೆರಿಗೆ ಕಡಿಮೆ. ಅಮೆರಿಕದಲ್ಲಿ 25 ವರ್ಷ ಹಳೆಯದಾದರೆ ಮಾತ್ರ ಇದನ್ನು ರಸ್ತೆಗಾಗಿ ತರಿಸಿಕೊಳ್ಳಬಹುದು. ಅಲ್ಲಿನ ರೈತರು ಅಷ್ಟು ಹಳೆಯದನ್ನೇ ಹುಡುಕಿ ತರಿಸಿಕೊಳ್ಳುತ್ತಿದ್ದಾರೆ! ಕೆಲವು ರಾಜ್ಯಗಳು ನೋಂದಣಿ ಕೊಡಲ್ಲ ಅಂದವು. ಟೆಕ್ಸಸ್‌ನಲ್ಲಿ ಮಾಲೀಕರು ಪಟ್ಟು ಹಿಡಿದರು, 2024ರಲ್ಲಿ ಅನುಮತಿ ಸಿಕ್ಕಿತು. ಟೆಕ್ಸಸ್, ಗಮನಿಸಿ. ದೊಡ್ಡ ಪಿಕಪ್‌ನ ತವರು.

ಅವರಿಗೆ ಇದು ಯಾಕೆ ಬೇಕು? ಇಲ್ಲಿಗೆ ನನ್ನ ಹಳೇ ವಾದ ಬರುತ್ತದೆ, ನನ್ನ ವಿದ್ಯಾರ್ಥಿಗಳಿಗೆ ಕೇಳಿ ಕೇಳಿ ಬಾಯಿಪಾಠ ಆಗಿರುತ್ತದೆ. ಸರಕು ಗಾಡಿಯನ್ನು ಹಿಂದಿನಿಂದ ನೋಡಬೇಕು. ಸುಜುಕಿ ಕ್ಯಾರಿ ಕೇ ಟ್ರಕ್ಕಿನ ತೊಟ್ಟಿ 1.94 ಮೀಟರ್ ಉದ್ದ. ನಾಲ್ಕು ಬಾಗಿಲಿನ ಎಫ್-150ಗೆ ಬರುವ ಗಿಡ್ಡ ತೊಟ್ಟಿ 1.7 ಮೀಟರ್. ಗಾಡಿಯ ಒಟ್ಟು ಉದ್ದ ಮಾತ್ರ ಆರು ಮೀಟರ್ ಹತ್ತಿರ! ಕ್ಯಾರಿಯ ಹಲಗೆ, ಅಂದರೆ ಸರಕು ಇಡುವ ತೊಟ್ಟಿಯ ತಳ, ನೆಲದಿಂದ 65 ಸೆಂಟಿಮೀಟರ್, ಅಂದರೆ ಮಂಡಿಗಿಂತ ಸ್ವಲ್ಪ ಮೇಲೆ. ಆ ದೊಡ್ಡದರ ಹಲಗೆ 85ರಿಂದ 90, ಸೊಂಟದ ಹತ್ತಿರ. ಕ್ಯಾರಿಯ ತೊಟ್ಟಿಯ ಮೂರೂ ಕಡೆಯ ಬಾಗಿಲು ಕೆಳಗೆ ಬೀಳುತ್ತದೆ, ಪಕ್ಕದಿಂದಲೂ ತುಂಬಬಹುದು. ಹೌದು, ಅದು ಹೊರುವುದು 350 ಕೆ.ಜಿ ಮಾತ್ರ. ಎಫ್-150 ಅದರ ಎರಡರಷ್ಟು ಹೊರುತ್ತದೆ, ಭಾರಿ ಟ್ರೇಲರ್ ಎಳೆಯುತ್ತದೆ. ಎಳೆಯುವವರಿಗೆ ಅದು ಬೇಕು, ನಾನು ಅಲ್ಲಗಳೆಯಲ್ಲ. ದಿನಾ ಎತ್ತಿ ಇಳಿಸುವವನಿಗೆ ಬೇಡ.

ಇನ್ನು ಮುಂದಿನ ಬಾನೆಟ್. ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಬಾನೆಟ್ ಒಂದು ಮೀಟರ್‌ಗಿಂತ ಎತ್ತರ ಇದ್ದರೆ, ಡಿಕ್ಕಿಯಾದ ಪಾದಚಾರಿ ಸಾಯುವ ಸಂಭವ ತಗ್ಗಾದ, ಇಳಿಜಾರು ಬಾನೆಟ್‌ಗಿಂತ 45 ಪರ್ಸೆಂಟ್‌ನಷ್ಟು ಜಾಸ್ತಿ. ಶಿಳ್ಳೆ ಹಾಕುವ ಮುಂಚೆ ಇದೂ ನೆನಪಿರಲಿ.

ಆಸ್ಟ್ರೇಲಿಯಾಕ್ಕೆ ಬರೋಣ. 1932ರಲ್ಲಿ ಗಿಪ್ಸ್‌ಲ್ಯಾಂಡಿನ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಪತ್ರ ಬರೆದರಂತೆ. ಭಾನುವಾರ ಚರ್ಚಿಗೂ ಹೋಗಬೇಕು, ಸೋಮವಾರ ಹಂದಿಗಳನ್ನು ಸಂತೆಗೂ ಒಯ್ಯಬೇಕು, ಅಂಥ ಒಂದೇ ಗಾಡಿ ಕೊಡಿ ಅಂತ. ಜೀಲಾಂಗ್ ಕಾರ್ಖಾನೆಯ ಲ್ಯೂ ಬ್ಯಾಂಟ್ ಎಂಬ ಹುಡುಗ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು, ಕಾರಿಗೆ ತೊಟ್ಟಿ ಬೆಸೆದು ಚಿತ್ರ ಬರೆದ. 1934ರಲ್ಲಿ 'ಯೂಟ್' ಹುಟ್ಟಿತು. ಆ ಹೆಂಗಸಿಗೆ ಬೇಕಾದ್ದು ಅವರ ಕೆಲಸದಿಂದ ಬಂದದ್ದು, ಅಲ್ವಾ? ಈಗ ಅಲ್ಲಿ ಯೂಟ್ ತಯಾರಿಕೆ ನಿಂತಿದೆ. ಅಲ್ಲಿ ಓಡುವ ಹೈಲಕ್ಸ್, ರೇಂಜರ್ ಪಿಕಪ್‌ಗಳು ಬರುವುದು ಥಾಯ್ಲೆಂಡಿನಿಂದ. ಥಾಯ್ಲೆಂಡಿನವರು ಪಿಕಪ್‌ಗೆ ತೆರಿಗೆ ಕಡಿಮೆ ಇಟ್ಟು ಆ ಉದ್ಯಮ ಬೆಳೆಸಿದರು. ನೋಡಿ, ಮತ್ತೆ ತೆರಿಗೆ.

ಚೀಟಿ ಬಂತು. ಇನ್ನು ಹತ್ತು ನಿಮಿಷ ಉಳಿದಿದೆ ಅಂತ ಬರೆದಿದ್ದಾರೆ. ಯುರೋಪಿನಲ್ಲಿ ಮುಚ್ಚಿದ ವ್ಯಾನ್ ಯಾಕೆ ಓಡುತ್ತದೆ ಎಂಬ ಬಗ್ಗೆ ಒಂದೇ ಮಾತು: ಮಳೆ, ಕಳ್ಳರು, ಮತ್ತು ಕಾರಿನ ಲೈಸೆನ್ಸ್‌ನಲ್ಲೇ 3.5 ಟನ್‌ವರೆಗೆ ಓಡಿಸಬಹುದು ಎಂಬ ನಿಯಮ. ಉಳಿದದ್ದು ಬಿಡುತ್ತೇನೆ.

ನಮ್ಮಲ್ಲಿ 2005ರಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ದೊಡ್ಡ ಲಾರಿಗಳಿಗೆ ಹಗಲು ಪ್ರವೇಶ ಇಲ್ಲದ ಊರೊಳಗೆ, ಲಗೇಜ್ ಆಟೋ ಹೊರಲಾರದ ಸರಕಿಗೆ, ಅದು ಸರಿಯಾಗಿ ಹೊಂದಿತು. ಜನ ಛೋಟಾ ಹಾಥಿ ಅಂದರು. ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಯಾರದೋ ದೊಡ್ಡ ಗಾಡಿಯ ನಕಲಿಗೆ ಹೋಗದೆ ನಮ್ಮ ಗಲ್ಲಿಯಿಂದ ಯೋಚಿಸಿದರು.

ಆದರೆ ನಮ್ಮ ಕೆಲಸ ಮುಗಿದಿಲ್ಲ. ಇದೇ ಊರಿನ ಟೊಮೆಟೊ ಮಂಡಿ ನಿಮಗೆಲ್ಲ ಗೊತ್ತು. ಒಂದು ಬಾಕ್ಸ್ 15 ಕೆ.ಜಿ. ಪಿಕಪ್ಪಿಗೆ ನೂರು ಬಾಕ್ಸ್ ಅಂದರೆ ಒಂದೂವರೆ ಟನ್. ಅಷ್ಟನ್ನೂ ಒಬ್ಬರೋ ಇಬ್ಬರೋ ಹಮಾಲರು ಎತ್ತಿ ಇಡುತ್ತಾರೆ. ಹಲಗೆ 25 ಸೆಂಟಿಮೀಟರ್ ಕೆಳಗಿದ್ದರೆ ನೂರು ಸಲವೂ ಅಷ್ಟು ಕಡಿಮೆ ಎತ್ತಬೇಕು. ಅವರ ಬೆನ್ನಿನ ಲೆಕ್ಕ ಯಾವ ಜಾಹೀರಾತಿನಲ್ಲೂ ಇಲ್ಲ. ಆರ್‌ಟಿಒ ಕಾಗದದಲ್ಲಿ ಒಟ್ಟು ತೂಕ ಬರೆಯುತ್ತಾರೆ, ಹಲಗೆಯ ಎತ್ತರ ಬರೆಯಲ್ಲ. ಇನ್ನು ತೊಟ್ಟಿಯಲ್ಲಿ ಮದುವೆಗೆ, ಕೂಲಿಗೆ ಜನರನ್ನು ತುಂಬಿಕೊಂಡು ಹೋಗುವ ವಿಷಯ, ಅದಕ್ಕೇ ಒಂದು ದಿನ ಬೇಕು. ಬಸ್ಸು ಇಲ್ಲದ ಕಡೆ ಸುಮ್ನೆ ದಂಡ ಹಾಕಿದರೆ ಆಗಲ್ಲ ಅಂತಷ್ಟೇ ಈಗ ಹೇಳುತ್ತೇನೆ.

ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ ಪೂರ್ತಿ ಹಾಳೆ ಬರೆದು ತಂದಿದ್ದೆ, ಸಮಯ ಇಲ್ಲ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್, ಡೀಸೆಲ್ ಟ್ಯಾಂಕ್ ಹೋದ ಮೇಲೆ ಹಲಗೆ ತಗ್ಗಿಸಲು ದಾರಿ ಇದೆಯಾ? ಬ್ಯಾಟರಿ ಎಲ್ಲಿ ಕೂರುತ್ತದೆ? ಇದನ್ನೇ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಟೇಪ್ ತಗೊಂಡು ಮಂಡಿಗೆ ಹೋಗಿ. ಏಸ್, ಬೊಲೆರೊ ಪಿಕಪ್, ಸಿಕ್ಕಿದ್ದನ್ನೆಲ್ಲ ಅಳೆಯಿರಿ. ಖಾಲಿ ಇದ್ದಾಗ ಒಂದು ಅಳತೆ, ತುಂಬಿದ ಮೇಲೆ ಒಂದು ಅಳತೆ. ಯಾವ ಗಾಡಿಗೆ ತುಂಬುವಾಗ ಬೆನ್ನು ಜಾಸ್ತಿ ನೋಯುತ್ತದೆ ಅಂತ ಹಮಾಲರನ್ನೇ ಕೇಳಿ ಬರೆದುಕೊಳ್ಳಿ. ಆ ಪಟ್ಟಿ ನನಗೂ ಒಂದು ಕಳಿಸಿ. ಈಗ ಪ್ರಶ್ನೆ ಇದ್ದರೆ ಕೇಳಿ, ಶಿಳ್ಳೆ ಹಾಕಿದ ಸಾಲಿನಿಂದಲೇ ಶುರು ಮಾಡೋಣ.