ತಿದ್ದಿಕೊಂಡ ಗುರು

ಕೇಳುಗರಿಗೆಲ್ಲ ನಮಸ್ಕಾರ.

ರಾಜ, ಗುರು, ತಂದೆ ಮೂವರೂ ಸಮ ಅನ್ನುವುದು ಕೊರಿಯಾದ ಹಳೆಯ ನಂಬಿಕೆ. ಗುರುವಿನ ನೆರಳನ್ನೂ ತುಳಿಯಬಾರದು ಎಂದು ಅಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಇಷ್ಟನ್ನೇ ಕೇಳಿದರೆ, ಗುರು ಹೇಳಿದ್ದಕ್ಕೆಲ್ಲ ಶಿಷ್ಯರು ಸುಮ್ನೆ ತಲೆಯಾಡಿಸಬೇಕಿತ್ತು ಅನ್ನಿಸುತ್ತದೆ, ಅಲ್ವಾ? ಊರ ಶಾಲೆಗಳಲ್ಲಿ ಭಯ ಇದ್ದದ್ದೂ ನಿಜ. ಅಲ್ಲಿನ ಶಾಲೆಗೆ ಸೊದಾಂಗ್ ಎನ್ನುತ್ತಿದ್ದರು. ಹದಿನೆಂಟನೇ ಶತಮಾನದ ಕಿಮ್ ಹೊಂಗ್ ದೊ ಬರೆದ ಒಂದು ಚಿತ್ರದಲ್ಲಿ ಹುಡುಗನೊಬ್ಬ ಮೇಷ್ಟ್ರಿಗೆ ಬೆನ್ನು ಹಾಕಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಸುತ್ತ ಕೂತ ಹುಡುಗರು ಕಿಸಕ್ಕನೆ ನಗುತ್ತಿದ್ದಾರೆ. ಮೇಷ್ಟ್ರ ಮುಖ ನೋಡಿ, ಅವರಿಗೂ ಪಾಪ ಅನ್ನಿಸಿದಂತಿದೆ.

ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಇನ್ನೊಬ್ಬ ಗುರುವಿನ ವಿಷಯ. ಯಿ ಹ್ವಾಂಗ್ ಅಂತ, 1501ರಲ್ಲಿ ಹುಟ್ಟಿದವರು. ತ್ವೆಗ್ಯೆ ಅನ್ನುವ ಹೆಸರಿನಿಂದಲೇ ಹೆಚ್ಚು ಪರಿಚಿತರು. ದಕ್ಷಿಣ ಕೊರಿಯಾದ ಸಾವಿರ ವೊನ್ ನೋಟಿನ ಮೇಲಿರುವ ಮುಖ ಅವರದೇ. ರಾಜಧಾನಿಯ ದೊಡ್ಡ ವಿದ್ಯಾಲಯಕ್ಕೆ ಮುಖ್ಯಸ್ಥರಾಗಿದ್ದರು. ಅಧಿಕಾರ ಬೇಡವೆಂದು ಮತ್ತೆ ಮತ್ತೆ ಊರಿಗೆ ಮರಳಿದರು. ಆಂದೊಂಗ್ ಹತ್ತಿರದ ದೊಸಾನ್‌ನಲ್ಲಿ ಪುಟ್ಟ ಪಾಠಶಾಲೆ ಕಟ್ಟಿಸಿದರು. ಅದು ಈಗಲೂ ಇದೆ. ಮಲಗಿ ಓದುವುದಕ್ಕೆ ಒಂದು ಕೋಣೆ, ಪಾಠ ಹೇಳುವುದಕ್ಕೆ ಹಲಗೆ ಹಾಸಿದ ಜಗಲಿ, ಒಂದು ಅಡುಗೆಮನೆ, ಅಷ್ಟೇ.

1558ರಲ್ಲಿ ಗಿ ದೆ ಸುಂಗ್ ಎಂಬ ಯುವಕ ಅವರನ್ನು ಕಂಡ. ಆಗಷ್ಟೇ ಸರ್ಕಾರಿ ಪರೀಕ್ಷೆ ಪಾಸಾಗಿದ್ದವನು, ತ್ವೆಗ್ಯೆಯವರಿಗಿಂತ 26 ವರ್ಷ ಚಿಕ್ಕವನು. ಕರುಣೆ, ನಾಚಿಕೆಯಂಥ ಒಳ್ಳೆಯ ಭಾವಗಳು ಒಂದು ಮೂಲದಿಂದ ಹುಟ್ಟುತ್ತವೆ, ಸಿಟ್ಟು, ಆಸೆ, ದುಃಖದಂಥವು ಇನ್ನೊಂದು ಮೂಲದಿಂದ ಅನ್ನುವುದು ತ್ವೆಗ್ಯೆಯವರ ವಾದ. ಹಾಗೆ ಎರಡಾಗಿ ಸೀಳುವುದು ಸರಿಯಲ್ಲ, ಕರುಣೆಯೂ ನಮ್ಮ ಇದೇ ಭಾವಗಳ ಒಳಗಿನದು ಅಂದ ಹುಡುಗ.

ಗುರು ಏನು ಮಾಡಿದರು? 1559ರ ಆರಂಭದಲ್ಲಿ ತಾವೇ ಮೊದಲು ಪತ್ರ ಬರೆದರು. ನಿಮ್ಮ ಆಕ್ಷೇಪ ನನ್ನ ಕಿವಿಗೆ ಬಿತ್ತು, ನನ್ನ ಮಾತಿನಲ್ಲಿ ದೋಷ ಇದೆ ಅಂತ ಗೊತ್ತಾಯಿತು, ಹೀಗೆ ತಿದ್ದಿದ್ದೇನೆ, ಈಗ ಸರಿಯೇ ನೋಡಿ ಎಂದು ಕೇಳಿದರು. ಅಲ್ಲಿಂದ 1566ರವರೆಗೆ ಪತ್ರಗಳು ಹೋಗುತ್ತ ಬರುತ್ತ ಇದ್ದವು. ತ್ವೆಗ್ಯೆ ತಮ್ಮ ಮೂಲ ನಿಲುವನ್ನು ಬಿಡಲಿಲ್ಲ. ಆದರೆ ಅದನ್ನು ಹೇಳುವ ರೀತಿಯನ್ನು ಮತ್ತೆ ಮತ್ತೆ ತಿದ್ದಿದರು. ಕೊರಿಯಾದ ತತ್ವಚಿಂತನೆಯಲ್ಲಿ ಇದಕ್ಕಿಂತ ಹೆಸರಾದ ಚರ್ಚೆ ಇನ್ನೊಂದಿಲ್ಲ.

ನನಗೆ ಗುರುವಿನ ದೊಡ್ಡತನ ಕಾಣುವುದು ಇಲ್ಲಿ. ರಾಜನಿಗೆ ಸಮ ಅನ್ನಿಸಿಕೊಂಡವರಿಗೆ ಕಿರಿಯರ ಮಾತು ಕೇಳಿ ತಿದ್ದಿಕೊಳ್ಳುವುದು ಸುಲಭವಲ್ಲ. ಅಲ್ಲಿ ಗುರು ಅಂದರೆ ಎಲ್ಲ ಕಲಿತು ಮುಗಿಸಿದವರಲ್ಲ, ಎಲ್ಲರ ಕಣ್ಣೆದುರು ಇನ್ನೂ ಕಲಿಯುತ್ತಿರುವವರು. ಅದಕ್ಕೇ ಅವರು ರಾಜನಿಗೂ ಪಾಠ ಹೇಳಬಲ್ಲರು. 1568ರಲ್ಲಿ ಹದಿಹರೆಯದ ರಾಜ ಸೊಂಜೊಗೆ ತ್ವೆಗ್ಯೆ ಹತ್ತು ನಕ್ಷೆಗಳನ್ನು ಬರೆದುಕೊಟ್ಟರು. ಒಳ್ಳೆಯ ರಾಜನಾಗಲು ಮನಸ್ಸನ್ನು ಹೇಗೆ ತಿದ್ದಿಕೊಳ್ಳಬೇಕು ಅನ್ನುವುದೇ ಅದರ ವಿಷಯ. ಇದನ್ನು ಮಡಿಚುವ ತೆರೆಯ ಮೇಲೆ ಬರೆಸಿ ಸದಾ ಕಣ್ಣ ಮುಂದೆ ಇಟ್ಟುಕೊಳ್ಳಿ ಎಂದು ಕೇಳಿಕೊಂಡರು.

1570ರಲ್ಲಿ ತೀರಿಕೊಳ್ಳುವ ಮುಂಚೆ ಮನೆಯವರಿಗೆ ಹೇಳಿ ಹೋದರು: ಸಮಾಧಿಗೆ ಸಣ್ಣ ಕಲ್ಲು ಸಾಕು, ಬಿರುದು ಬೇಡ. ಗಿ ದೆ ಸುಂಗ್‌ನಂಥವರ ಕೈಗೆ ಬರೆಯಲು ಕೊಟ್ಟರೆ ಇಲ್ಲದ್ದನ್ನೆಲ್ಲ ಹೊಗಳಿಬಿಟ್ಟಾರು, ಜನ ನಕ್ಕಾರು ಎಂದೂ ಸೇರಿಸಿದರು. ತಮ್ಮ ಸಮಾಧಿಯ ಪದ್ಯವನ್ನು ಅವರೇ ಮೊದಲೇ ಬರೆದಿಟ್ಟಿದ್ದರು. ಅದರ ಮುಂದಿನ ಮಾತುಗಳನ್ನು ಕೊನೆಗೂ ಬರೆದವನು ಗಿ ದೆ ಸುಂಗ್.

ನಮಸ್ಕಾರ.