ಕಿವಿಯೊಳಗೊಂದು ಮುಖ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಕಿವಿಯ ಹಿಂದೆ ಬೆರಳಿಟ್ಟು ಒತ್ತಿ ನೋಡಿ. ಒಂದು ಮೂಳೆಯ ಉಬ್ಬು ಸಿಗುತ್ತದೆ. ನಾನು ಕಿವಿಯ ಶಸ್ತ್ರಚಿಕಿತ್ಸಕ. ಇಪ್ಪತ್ತಾರು ವರ್ಷಗಳಿಂದ ನನ್ನ ಅನ್ನದ ದಾರಿ ಆ ಉಬ್ಬಿನ ಮೂಲಕವೇ ಹಾದುಹೋಗುತ್ತಿದೆ.

ಹೊರಗಿನಿಂದ ಅದು ತೆಂಗಿನ ಚಿಪ್ಪಿನಷ್ಟು ಗಡಸು. ಡ್ರಿಲ್ ಇಟ್ಟು ಮೇಲ್ಪದರ ತೆಗೆದರೆ ಒಳಗೆ ಜೇನುಗೂಡು, ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳು. ಇನ್ನೂ ಒಳಗೆ ಹೋದರೆ ಮತ್ತೆ ಗಡಸು ಮೂಳೆ. ದೇಹದ ಅತಿ ಗಟ್ಟಿ ಮೂಳೆಗಳಲ್ಲಿ ಅದೂ ಒಂದು. ಲ್ಯಾಟಿನ್ ಭಾಷೆಯಲ್ಲಿ ಅದನ್ನು ಕರೆಯುವುದೇ ‘ಬಂಡೆಯಂಥದ್ದು’ ಎಂದು. ಆ ಬಂಡೆಯ ಒಡಲಲ್ಲಿ ನಮ್ಮ ಶ್ರವಣವಿದೆ, ಮೈಯ ಸಮತೋಲವಿದೆ, ಮಿದುಳಿಗೆ ಹೋಗುವ ದೊಡ್ಡ ರಕ್ತನಾಳವಿದೆ. ಅದರ ಚಾವಣಿಯ ಮೇಲೆ ಮಿದುಳು ಕೂತಿದೆ. ಆ ಚಾವಣಿ ಎಷ್ಟೋ ಕಡೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ.

ಇಷ್ಟು ಇಕ್ಕಟ್ಟಿನ ನಡುವೆ, ಬೇರೆ ಊರಿಗೆ ಹೋಗಬೇಕಾದವನು ಯಾರದೋ ಮನೆಯ ಹಜಾರದಲ್ಲಿ ಹಾದುಹೋದ ಹಾಗೆ, ಒಂದು ನರ ಹೋಗುತ್ತದೆ. ಅದು ಮುಖದ ನರ. ನೀವು ನಕ್ಕರೆ, ಕಣ್ಣು ಮುಚ್ಚಿದರೆ, ಹುಬ್ಬು ಗಂಟಿಕ್ಕಿದರೆ, ಬಿಸಿ ಕಾಫಿಗೆ ತುಟಿ ಚಾಚಿ ಊದಿದರೆ ಎಲ್ಲವೂ ಅದರ ಕೆಲಸ. ಮಿದುಳಿನ ಕಾಂಡದಿಂದ ಮುಖಕ್ಕೆ ಬರಲು ಅದು ಹಿಡಿಯುವುದು ಕಿವಿಯ ಮೂಳೆಯ ಸುರಂಗವನ್ನು. ಸುಮಾರು 3 ಸೆಂಟಿಮೀಟರ್ ಉದ್ದ, ಎರಡು ತಿರುವು. ಅತಿ ಕಿರಿದಾದ ಜಾಗದಲ್ಲಿ ಅಗಲ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ನರ ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ತನ್ನ ಸುರಂಗದಲ್ಲೇ ಅದು ಉಸಿರುಕಟ್ಟುತ್ತದೆ. ಗೋಡೆಯೊಳಗೆ ವೈರಿಂಗ್ ಇರುವ ಮನೆಯಲ್ಲಿ ಮೊಳೆ ಹೊಡೆಯುವವನಿಗೆ ಯಾವ ಎಚ್ಚರ ಬೇಕೋ, ಕಿವಿ ಕೊರೆಯುವವನಿಗೂ ಅದೇ ಎಚ್ಚರ ಬೇಕು.

ಕೆಲವು ವರ್ಷಗಳ ಹಿಂದೆ ಐವತ್ತರ ಆಸುಪಾಸಿನ ಒಬ್ಬ ರೈತರು ಹೆಂಡತಿಯ ಜೊತೆ ಬಂದರು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಕುಡಿಯಲು ನೀರು ಕೊಟ್ಟರೆ ತುಟಿಯ ಎಡ ಅಂಚಿನಿಂದ ಸೋರಿ ಅಂಗಿ ಒದ್ದೆಯಾಯಿತು. ಗಾಳಿ ಬಡಿದಿದೆ ಎಂದು ಯಾರೋ ಹೇಳಿದ್ದರಿಂದ ಮೂರು ವಾರ ಎಣ್ಣೆ ತಿಕ್ಕಿಸಿಕೊಂಡು, ಪಥ್ಯ ಮಾಡಿ ಬಂದಿದ್ದರು. ಕಿವಿ ಸೋರುತ್ತದೆಯೇ ಎಂದು ಕೇಳಿದೆ. ಅವರು ಸುಮ್ಮನಿದ್ದರು. ಹೆಂಡತಿ ಹೇಳಿದರು: “ಚಿಕ್ಕಂದಿನಿಂದಲೂ ಸೋರುತ್ತದೆ ಡಾಕ್ಟರೇ. ನೋವೇ ಇರಲಿಲ್ಲವಲ್ಲ, ಅದಕ್ಕೇ ಬಿಟ್ಟೆವು. ಆದರೆ ಇವರ ದಿಂಬು ನಾರುತ್ತದೆ.”

ಆ ದಿಂಬಿನ ಮಾತು ನನಗೆ ಸ್ಕ್ಯಾನಿಗಿಂತ ಮೊದಲೇ ರೋಗದ ಹೆಸರು ಹೇಳಿತು. ಕೊಲೆಸ್ಟಿಯಟೋಮಾ. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲ್ಲರ್ ಇಟ್ಟ ಹೆಸರು. ಬಿಡಿಸಿ ನೋಡಿದರೆ ಪಿತ್ತ, ಕೊಬ್ಬು, ಗಡ್ಡೆ ಎಂಬ ಮೂರು ಅರ್ಥ ಬರುತ್ತದೆ, ಮೂರೂ ತಪ್ಪು. ಅದು ನಮ್ಮದೇ ಚರ್ಮ, ಇರಬಾರದ ಜಾಗದಲ್ಲಿ ಇರುವ ಚರ್ಮ. ಕಿವಿತಮಟೆಯ ಒಂದು ಭಾಗ ಒಳಕ್ಕೆ ಜಗ್ಗಿ ಚೀಲವಾಗುತ್ತದೆ. ಚರ್ಮದ ಗುಣ ಉದುರುವುದು. ಹೊರಗಿದ್ದರೆ ಸ್ನಾನದಲ್ಲಿ ಹೋಗುತ್ತದೆ, ಚೀಲದೊಳಗೆ ಉದುರಿದ್ದು ಎಲ್ಲಿಗೆ ಹೋಗಬೇಕು? ಪದರದ ಮೇಲೆ ಪದರ ಕೂತು ಬಿಳಿ ಮುತ್ತಿನಂತೆ ಬೆಳೆಯುತ್ತದೆ. ಕೊಳೆತು ನಾರುತ್ತದೆ. ಮಗ್ಗುಲಿನ ಮೂಳೆಯನ್ನು ಸದ್ದಿಲ್ಲದೆ ಸವೆಸುತ್ತದೆ: ಮೊದಲು ಸದ್ದನ್ನು ಒಳಕ್ಕೆ ಸಾಗಿಸುವ ಪುಟ್ಟ ಮೂಳೆಗಳಾದ ಅಡಿಗಲ್ಲು, ರಿಕಾಪು, ಆಮೇಲೆ ಮುಖದ ನರದ ಸುರಂಗ, ಕೆಲವೊಮ್ಮೆ ಮಿದುಳಿನ ಕೆಳಗಿನ ಚಾವಣಿ. ನೋವಿಲ್ಲದಿರುವುದೇ ಅದರ ಕಪಟ. ‘ಕಿವಿ ಸೋರಿದರೆ ಕೆಟ್ಟದ್ದೆಲ್ಲ ಹೊರಗೆ ಹೋಗುತ್ತದೆ, ಒಳ್ಳೆಯದೇ’ ಎಂಬ ಹಿರಿಯರ ಮಾತನ್ನು ಇಲ್ಲಿರುವವರಲ್ಲಿ ಅರ್ಧ ಜನರಾದರೂ ಕೇಳಿರುತ್ತೀರಿ. ಹಿರಿಯರ ಎಷ್ಟೋ ಮಾತು ನನಗೆ ಶಿರೋಧಾರ್ಯ, ಇದೊಂದನ್ನು ಬಿಟ್ಟು.

ಮುಖ ಸೊಟ್ಟಗಾದವರೆಲ್ಲರ ಕಥೆ ಹೀಗಿರುವುದಿಲ್ಲ. ಹೆಚ್ಚಿನವರದು ಬೆಲ್ಸ್ ಪಾಲ್ಸಿ, ಸ್ಪಷ್ಟ ಕಾರಣ ಕಾಣದೆ ಮುಖದ ನರ ಏಕಾಏಕಿ ಕೈಕೊಡುವುದು. ರಾತ್ರಿ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಹಲ್ಲುಜ್ಜುವಾಗ ಸೊಟ್ಟಗಾದ ಮುಖವನ್ನು ಕನ್ನಡಿಯಲ್ಲಿ ಕಾಣುತ್ತಾರೆ. ಮನೆಯವರಿಗೆ ಮೊದಲು ಬರುವ ಭಯ ಲಕ್ವದ್ದು. ಒಂದು ಗುರುತಿದೆ: ಹಣೆ ಸುಕ್ಕುಗಟ್ಟಿಸಲು ಹೇಳಿ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಉಳಿದುಕೊಳ್ಳುತ್ತದೆ. ನರವೇ ಕೈಕೊಟ್ಟರೆ ಹಣೆಯೂ ಬೀಳುತ್ತದೆ. ಆದರೆ ಈ ಪರೀಕ್ಷೆ ಮನೆಯಲ್ಲಿ ತೀರ್ಪು ಕೊಡುವುದಕ್ಕಲ್ಲ. ಎರಡರಲ್ಲಿ ಯಾವುದಾದರೂ ಕೂಡಲೇ ಆಸ್ಪತ್ರೆಗೆ ಹೋಗಿ. ಬೆಲ್ಸ್ ಪಾಲ್ಸಿಗೆ ಸ್ಟೆರಾಯ್ಡ್ ಮಾತ್ರೆ 72 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಬಹುಪಾಲು ಜನ ಗುಣವಾಗುತ್ತಾರೆ, ಎಷ್ಟೋ ಮಂದಿ ಏನೂ ಮಾಡದೆಯೂ ಗುಣವಾಗುತ್ತಾರೆ. ಹಾಗಾಗಿ ಎಣ್ಣೆ ತಿಕ್ಕಿದವರಿಗೂ ಹೆಸರು ಬರುತ್ತದೆ, ತಾಯತ ಕಟ್ಟಿದವರಿಗೂ ಬರುತ್ತದೆ, ನನಗೂ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕಾದದ್ದು ಕಣ್ಣನ್ನು. ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಯಲ್ಲಿ ಹುಣ್ಣಾಗುತ್ತದೆ. ಹಗಲು ಹನಿ ಔಷಧಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪ್. ಸೋರುವ ಕಿವಿಯ ಜೊತೆ ಮುಖ ಬಿದ್ದರೆ ಮಾತ್ರ ಮಾತ್ರೆ ನುಂಗಿ ಕಾಯುವ ಮಾತೇ ಇಲ್ಲ. ಅದು ಶಸ್ತ್ರಚಿಕಿತ್ಸೆಯ ದಾರಿ.

ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಕಿವಿಯ ಹಿಂದೆ ಕೊಯ್ದು, ಕಿವಿಯನ್ನು ಪುಸ್ತಕದ ಹಾಳೆಯಂತೆ ಮುಂದಕ್ಕೆ ಮಡಚುತ್ತೇವೆ. ಸೂಕ್ಷ್ಮದರ್ಶಕ ಬರುತ್ತದೆ. 1921ರಲ್ಲಿ ಸ್ಟಾಕ್‌ಹೋಮಿನ ಕಾರ್ಲ್ ಒಲೊಫ್ ನೈಲೆನ್ ಶಸ್ತ್ರಚಿಕಿತ್ಸೆಗೆ ಮೊದಲು ಸೂಕ್ಷ್ಮದರ್ಶಕ ತಂದದ್ದು ಕಿವಿಗೇ ಎಂಬುದು ನಮ್ಮ ಕುಲದವರಿಗೆಲ್ಲ ಸ್ವಲ್ಪ ಜಂಬದ ವಿಷಯ. ಶುರುವಿನಲ್ಲಿ ದೊಡ್ಡ ಡ್ರಿಲ್ ಮೊನೆ. ನರದ ಹತ್ತಿರ ಬಂದಂತೆ ವಜ್ರದ ಪುಡಿ ಲೇಪಿಸಿದ ನುಣುಪು ಮೊನೆ. ನೀರು ಒಂದೇ ಸಮನೆ ಹರಿಯುತ್ತಿರಬೇಕು, ಇಲ್ಲದಿದ್ದರೆ ಮೂಳೆ ಕಾದು ಆ ಬಿಸಿಗೇ ನರ ಸಾಯುತ್ತದೆ. ನರಕ್ಕೆ ಅಡ್ಡಲಾಗಿ ಕೈ ಆಡಿಸಬಾರದು, ಅದು ಹೋಗುವ ದಿಕ್ಕಿನಲ್ಲೇ ಸವರಬೇಕು. ದಂತದಂತೆ ಬಿಳುಪಾಗಿದ್ದ ಮೂಳೆ ಒಂದು ಹಂತದಲ್ಲಿ ತೆಳು ಗುಲಾಬಿಗೆ ತಿರುಗುತ್ತದೆ. ನರದ ಸುತ್ತಲಿನ ರಕ್ತನಾಳಗಳ ನೆರಳು ಅದು. ಅಲ್ಲಿ ಎಲ್ಲರ ಮಾತು ನಿಲ್ಲುತ್ತದೆ. ಈಗ ಕಣ್ಣು ಮತ್ತು ತುಟಿಯ ಸ್ನಾಯುಗಳಿಗೆ ಸೂಜಿ ಚುಚ್ಚಿ, ನರ ಕೆಣಕಿದರೆ ಸದ್ದು ಮಾಡುವ ಯಂತ್ರವಿದೆ. ಒಳ್ಳೆಯದೇ. ಆದರೆ ಯಂತ್ರ ಕೂಗುವುದು ಮುಟ್ಟಿದ ಮೇಲೆ. ಕಣ್ಣಿಗೆ ಅದಕ್ಕಿಂತ ಮೊದಲೇ ಗೊತ್ತಾಗಬೇಕು. ಅದಕ್ಕಾಗಿಯೇ ಕಲಿಯುವ ವೈದ್ಯರು ದಾನವಾಗಿ ಬಂದ ದೇಹಗಳ ಮೂಳೆಯ ಮೇಲೆ ವರ್ಷಗಟ್ಟಲೆ ಕೈ ಪಳಗಿಸುತ್ತಾರೆ. ದೇಹದಾನ ಮಾಡಿದವರು ಎಷ್ಟು ಜನರ ನಗು ಉಳಿಸಿದ್ದಾರೋ, ಲೆಕ್ಕ ಇಟ್ಟವರಿಲ್ಲ.

ಇನ್ನೊಂದು ಸಣ್ಣ ನರ, ನಾಲಗೆಯ ರುಚಿಯದು, ಕಿವಿತಮಟೆಯ ಹಿಂದೆ ನೂಲಿನಂತೆ ಹಾದುಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಎಳೆತ ಬಿದ್ದರೆ ಕೆಲವು ತಿಂಗಳು ಸಾರು, ಹುಳಿ ಎಲ್ಲವೂ ನಾಣ್ಯ ನೆಕ್ಕಿದ ಹಾಗೆ ಇರುತ್ತದೆ. ಮೊದಲೇ ಹೇಳದಿದ್ದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ ಬೈಗುಳ.

ಕೊಯ್ಯುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಕಿವಿ ಕೇಳಿಸುತ್ತದೆಯೇ ಡಾಕ್ಟರೇ?” ಕಿವಿ ಡಾಕ್ಟರರ ಲೆಕ್ಕದಲ್ಲಿ ಕಿವಿಗೆ ಮೂರನೆಯ ಜಾಗ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಮೊದಲು ಜೀವ, ಆಮೇಲೆ ಮುಖ, ಆಮೇಲೆ ಶ್ರವಣ. ನಾನು ಈ ಕ್ರಮವನ್ನು ಬಿಟ್ಟುಕೊಡುವುದಿಲ್ಲ. ಕೇಳಿಸದ ಕಿವಿಗೆ ಶ್ರವಣಯಂತ್ರ ಕೊಡಬಹುದು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆ ಮಾಡಿಸಿ ಮುಂದಿನ ದಾರಿ ಹುಡುಕಬಹುದು. ಮಗುವಿನ ಮುಂದೆ ನಗಲಾಗದ ಮುಖಕ್ಕೆ ಯಂತ್ರವಿಲ್ಲ.

ಈ ಕ್ರಮ ಇನ್ನೂ ಕಟುವಾಗಿ ಎದುರಾಗುವುದು ತಲೆಬುರುಡೆಯ ತಳದ ಗಡ್ಡೆಗಳಲ್ಲಿ. ಸಮತೋಲದ ನರದ ಪೊರೆಯಿಂದ ಹುಟ್ಟುವ ಗಡ್ಡೆಯೊಂದಿದೆ. ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯುತ್ತದೆ. ಸಾಮಾನ್ಯವಾಗಿ ಮೊದಲ ಸುಳಿವು ಒಂದೇ ಕಿವಿ ಮಂದವಾಗುವುದು. ಫೋನನ್ನು ಯಾವಾಗಲೋ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಿರುತ್ತಾರೆ, ಯಾಕೆಂದು ಅವರಿಗೇ ಗೊತ್ತಿರುವುದಿಲ್ಲ. ಎರಡೂ ಕಿವಿ ವಯಸ್ಸಿಗೆ ಮಂದವಾದರೆ ನನಗೆ ಅಷ್ಟು ಚಿಂತೆಯಿಲ್ಲ. ಒಂದೇ ಕಿವಿ ಆದರೆ ಎಂಆರ್‌ಐ ಮಾಡಿಸುತ್ತೇನೆ. ಚಿಕ್ಕದಾದರೆ ವರ್ಷಕ್ಕೊಮ್ಮೆ ನೋಡುತ್ತ ಕಾಯಬಹುದು, ಗಾಮಾ ನೈಫ್ ಎಂಬ, ಗಡ್ಡೆಗೇ ಗುರಿಯಿಟ್ಟ ವಿಕಿರಣ ಕೊಡಬಹುದು. ದೊಡ್ಡದಾದರೆ ತೆಗೆಯಲೇಬೇಕು. ಮುಖದ ನರ ಆ ಗಡ್ಡೆಯ ಮೇಲೆ ಈರುಳ್ಳಿಯ ಒಳಪೊರೆಯಂತೆ ಹರಡಿಕೊಂಡಿರುತ್ತದೆ. ಹಿಂದೆ ಜೀವ ಉಳಿದರೆ ಸಾಕಿತ್ತು, ಮುಖ ಹೋಗುವುದು ರೂಢಿಯೇ ಆಗಿತ್ತು. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್, ಮೊದಲು ದಂತವೈದ್ಯಕೀಯ ಓದಿ ಆಮೇಲೆ ಕಿವಿಗೆ ಬಂದವರು, ನರಶಸ್ತ್ರಚಿಕಿತ್ಸಕ ವಿಲಿಯಂ ಹಿಟ್ಸೆಲ್‌ಬರ್ಗರ್ ಜೊತೆ ಸೇರಿ ಒಳಗಿವಿಯನ್ನೇ ಕೊರೆದು ದಾರಿ ಮಾಡಿದರು. ಆ ಕಿವಿಯ ಶ್ರವಣ ಪೂರ್ತಿ ಹೋಗುತ್ತದೆ. ಬದಲಿಗೆ ನರ ಮೊದಲೇ ಕಣ್ಣಿಗೆ ಬೀಳುತ್ತದೆ. ಇವತ್ತಿಗೂ ಹಾಗೆಯೇ ಮಾಡುತ್ತೇವೆ, ಖಾಲಿ ಜಾಗಕ್ಕೆ ಹೊಟ್ಟೆಯ ಕೊಬ್ಬು ತುಂಬಿ ಮುಚ್ಚುತ್ತೇವೆ. ನರಕ್ಕೆ ತೀರಾ ಅಂಟಿದ್ದರೆ ಗಡ್ಡೆಯ ಒಂದು ಚೂರನ್ನು ಬಿಟ್ಟು ಹೊರಬರುವುದೂ ಉಂಟು. ತರುಣನಾಗಿದ್ದಾಗ ಅದು ಸೋಲು ಎನಿಸುತ್ತಿತ್ತು.

ಸಕ್ಕರೆ ಕಾಯಿಲೆಯ ಹಿರಿಯರಿಗೆ ಒಂದು ಮಾತು. ಕಿವಿ ನೋವು ರಾತ್ರಿ ನಿದ್ದೆ ಕೊಡದಷ್ಟು ಇದ್ದು, ಹನಿ ಔಷಧಿಗೆ ಬಗ್ಗದಿದ್ದರೆ ತಡಮಾಡಬೇಡಿ. ಸೋಂಕು ಬುರುಡೆಯ ತಳದ ಮೂಳೆಗೆ ಇಳಿದು ಮುಖದ ನರವನ್ನೂ ಹಿಡಿಯಬಹುದು. ಅಲ್ಲಿ ಚಾಕುವಿಗಿಂತ ವಾರಗಟ್ಟಲೆ ಆ್ಯಂಟಿಬಯಾಟಿಕ್ ಮತ್ತು ಸಕ್ಕರೆಯ ಹತೋಟಿ ಮುಖ್ಯ.

ಆ ರೈತರ ವಿಷಯ ಅರ್ಧಕ್ಕೆ ಬಿಟ್ಟೆ. ಕಿವಿಯೊಳಗಿನ ಆ ಬಿಳಿ ಮುತ್ತನ್ನು ಬೇರುಸಮೇತ ತೆಗೆದೆವು. ಸುರಂಗ ಒಂದೆಡೆ ಸವೆದು, ನರ ಬರಿಮೈಯಲ್ಲಿ, ಕೆಂಪಗೆ ಊದಿ ಮಲಗಿತ್ತು, ತುಂಡಾಗಿರಲಿಲ್ಲ. ತುಂಡಾಗಿದ್ದರೆ ಕುತ್ತಿಗೆಯಿಂದಲೋ ಕಾಲಿನಿಂದಲೋ ನರದ ತುಣುಕು ತಂದು ಜೋಡಿಸಬೇಕಿತ್ತು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಹಾಗೆ ಬಂದ ನಗು ಎಂದೂ ಪೂರ್ತಿ ಮೊದಲಿನದಾಗುವುದಿಲ್ಲ. ಇವರಿಗೆ ಎರಡು ತಿಂಗಳಿಗೆ ಕಣ್ಣು ಮುಚ್ಚಿತು. ಆರನೆಯ ತಿಂಗಳು ಬಂದಾಗ ನನ್ನ ಮೇಜಿನ ಮೇಲಿದ್ದ ಲೋಟವನ್ನು ತಾವೇ ಎತ್ತಿ, ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ ನಿಂತರು. ಒಂದು ಹನಿಯೂ ಬೀಳಲಿಲ್ಲ. ಎಡಗಿವಿ ಹೆಚ್ಚು ಕೇಳಿಸುವುದಿಲ್ಲ. ಹೆಂಡತಿ ಈಗ ಬಲಗಡೆ ಕೂರುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗಳು. ಕಿವಿಗೆ ಹಾಕುವ ಹತ್ತಿಯ ಇಯರ್ ಬಡ್ ಬಗ್ಗೆ ಕೇಳಬೇಕೆಂದಿರುವವರಿಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ.